ಸೊಸೆಯ ಬಾಣಂತನದಲ್ಲಿ ನಾನು ಆಫೀಸಿಗೆ ಹೋದದ್ದು

ನಮ್ಮೂರಿನಲ್ಲಿ ಪ್ರೋಗ್ರಾಮು ಬರೆದವರು ದಿನಾ ಬೆಳಿಗ್ಗೆ ಹೋಗಿ ಅದನ್ನು ಮಾತಾಡಿಸಬೇಕು. ಬೇರೆ ಊರುಗಳಲ್ಲಿ ಬರೆದು ಬಿಟ್ಟರೆ ಅದರ ಪಾಡಿಗೆ ಅದು ನಡೆಯುತ್ತದಂತೆ. ನಮ್ಮಲ್ಲಿ ಹಾಗಲ್ಲ. ನೀರಿನ ಆಫೀಸಾಗಲಿ, ದೀಪದ ಆಫೀಸಾಗಲಿ, ಬರೆದವರು ಕಂಪ್ಯೂಟರಿನ ಮುಂದೆ ಕೂತು ನಾಲ್ಕು ಮಾತಾಡಿದರೆ ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಅದು ಕೆಲಸಕ್ಕೆ ಕೈ ಹಾಕುತ್ತದೆ. ಒಂದೆರಡು ದಿನ ಹೋಗದಿದ್ದರೆ ಮುಖ ಊದಿಸಿಕೊಂಡಾದರೂ ನಡೆದುಕೊಂಡು ಹೋಗುತ್ತದೆ. ವಾರ ಕಳೆಯಿತೋ ಮುಗಿಯಿತು, ಕಲಿಸಿದ್ದನ್ನೆಲ್ಲ ಮರೆತು ಕೂರುತ್ತದೆ. ದನಿಯನ್ನು ಟೇಪಿನಲ್ಲಿ ಹಿಡಿದು ಕೇಳಿಸಿದರೆ ಆಗುವುದಿಲ್ಲ, ಫೋನಿನಲ್ಲಿ ಮಾತಾಡಿದರೂ ಆಗುವುದಿಲ್ಲ. ಜ್ವರ ಬಂದವರು ಕಂಬಳಿ ಹೊದ್ದುಕೊಂಡು ಬಂದು ಮಾತಾಡಿಸಿ ಹೋಗುವುದನ್ನು, ಮದುವೆಯ ಗಂಡು ಬಾಸಿಂಗ ಕಟ್ಟಿಕೊಂಡೇ ಆಫೀಸಿಗೆ ಓಡಿ ಬರುವುದನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ.

ಇದರಿಂದ ಗಂಡಸರಿಗೆ ಅಂಥ ತೊಂದರೆಯೇನೂ ಆಗಲಿಲ್ಲ. ತೊಂದರೆಯಾದದ್ದು ಹೆಣ್ಣುಮಕ್ಕಳಿಗೆ. ಬಾಣಂತಿಯೆಂದ ಮೇಲೆ ಮೂರು ತಿಂಗಳು ಹೊಸ್ತಿಲು ದಾಟುವ ಹಾಗಿಲ್ಲ, ಗಾಳಿ ಹೊಡೆಸಿಕೊಳ್ಳುವ ಹಾಗಿಲ್ಲ, ಕಣ್ಣಿಗೆ ಶ್ರಮ ಕೊಡುವ ಹಾಗಿಲ್ಲ. ಅಷ್ಟರಲ್ಲಿ ಅವಳು ಬರೆದ ಪ್ರೋಗ್ರಾಮು ಅವಳನ್ನೂ ಮರೆತು, ತನ್ನನ್ನೂ ಮರೆತು ಕೂತಿರುತ್ತದೆ. ಹಿರಿಯ ಇಂಜಿನಿಯರ್ ಕುರ್ಚಿ ಖಾಲಿಯಾದಾಗ ಯಾರ ಪ್ರೋಗ್ರಾಮು ಒಂದು ವರ್ಷ ನಿಲ್ಲದೆ ನಡೆದಿದೆಯೋ ಅವರಿಗೆ ಕೊಡುವುದು ನಮ್ಮೂರಿನ ಪದ್ಧತಿ. ವರ್ಷ ತುಂಬುವ ದಿನ ಬರೆದವರೇ ಎಲ್ಲರ ಎದುರು ಕೂತು ಹಸಿರು ಚುಕ್ಕೆ ತರಿಸಬೇಕು. ಹೀಗಾಗಿ ಆ ಕುರ್ಚಿಯಲ್ಲಿ ಇದುವರೆಗೆ ಸೀರೆಯುಟ್ಟವರು ಯಾರೂ ಕೂತಿರಲಿಲ್ಲ. ಹಾಗಂತ ಹೆಣ್ಣುಮಕ್ಕಳನ್ನು ಕೆಲಸದಿಂದ ಯಾರೂ ತೆಗೆಯಲಿಲ್ಲ, ಪಾಪ. ಮತ್ತೆ ಮೊದಲಿನಿಂದ ಬರಿಯಮ್ಮ ಎನ್ನುತ್ತಿದ್ದರು, ಅಷ್ಟೆ.

ನನ್ನ ಸೊಸೆ ನಳಿನಾಕ್ಷಿಗೂ ಒಂದು ಸಲ ಹಾಗೆಯೇ ಆಗಿತ್ತು. ಮೊದಲನೆಯ ಹೆರಿಗೆಗೆ ತವರಿಗೆ ಹೋಗಿ ಬರುವಷ್ಟರಲ್ಲಿ ಅವಳು ಬರೆದಿದ್ದ ಬೀದಿದೀಪದ ಪ್ರೋಗ್ರಾಮು ಎಲ್ಲ ಮರೆತಿತ್ತು. ಆ ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಯವರೆಗೂ ಬಂದು ನಿಂತಳು. ನಾನು ಬೈಯಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಅದು ಸಣ್ಣ ಸಂಗತಿಯಲ್ಲ. ಲೋಟದಲ್ಲಿ ಕಾಫಿ ಹಾಕಿ ಕೊಟ್ಟೆ. ಅವಳು ಅದನ್ನು ಕುಡಿಯದೆ ಕೈಯಲ್ಲಿ ಹಿಡಿದುಕೊಂಡು, "ಅತ್ತೆ, ಅದು ನನ್ನ ಗುರುತೇ ಹಿಡೀಲಿಲ್ಲ" ಎಂದಳು.

ಆಮೇಲೆ ಅವಳು ನೀರಿನ ಆಫೀಸಿಗೆ ಹೋದಳು. ಯಾವ ಬೀದಿಗೆ ಯಾವಾಗ ನಲ್ಲಿ ನೀರು ಬಿಡಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಮು ಬರೆದಳು. ಅದು ಬಂದ ಮೇಲೆ ನಲ್ಲಿಯ ಹತ್ತಿರ ಕೊಡಗಳ ಜಗಳ ನಿಂತುಹೋಯಿತು. ನನ್ನಂಥವರಿಗೆ ಸ್ವಲ್ಪ ಬೇಜಾರೇ ಆಯಿತೆನ್ನಿ. ಹಿರಿಯ ಇಂಜಿನಿಯರ್ ಹಾಲಪ್ಪನವರು ನಿವೃತ್ತರಾಗುವ ಹೊತ್ತಿಗೆ ಸರಿಯಾಗಿ ಅವಳ ಪ್ರೋಗ್ರಾಮಿಗೆ ವರ್ಷ ತುಂಬುವುದಿತ್ತು. ಅಷ್ಟರಲ್ಲಿ ಅವಳು ಎರಡನೆಯ ಸಲ ಬಸುರಿಯಾದಳು. ಎರಡನೆಯದು, ಬಾಣಂತನ ನಮ್ಮ ಮನೆಯಲ್ಲೇ. ಲೆಕ್ಕ ಹಾಕಿ ನೋಡಿದರೆ ಹೆರಿಗೆ ಮೊದಲು, ವರ್ಷ ತುಂಬುವುದು ಆಮೇಲೆ. ನಡುವೆ ಬಾಣಂತನ ಗೋಡೆಯ ಹಾಗೆ ನಿಂತಿತ್ತು.

ಒಂದು ದಿನ ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ ಅವಳು ಕೇಳಿದಳು, "ಅತ್ತೆ, ನನ್ನ ಬದ್ಲು ನೀವು ಹೋಗಿ ಮಾತಾಡಿಸ್ತೀರಾ?"

"ಯಾರನ್ನೇ?"

"ನನ್ನ ಪ್ರೋಗ್ರಾಮನ್ನ. ಇನ್ನೊಂದು ದನೀನೂ ರೂಢಿ ಮಾಡಿಸ್ಬೋದು ಅನ್ಸತ್ತೆ. ಯಾರೂ ಮಾಡಿ ನೋಡಿಲ್ಲ, ಅಷ್ಟೆ."

ಯಾರೂ ಮಾಡಿ ನೋಡದಿದ್ದುದಕ್ಕೆ ಕಾರಣವಿತ್ತು. ಒಬ್ಬರ ಪ್ರೋಗ್ರಾಮಿನ ಮುಂದೆ ಇನ್ನೊಬ್ಬರು ಬಾಯಿ ಬಿಟ್ಟರೆ ಅದು ಎಂಜಲಾಯಿತು ಎನ್ನುತ್ತಿದ್ದರು. ಪಕ್ಕದ ಮೇಜಿನವರು ಮಾತಾಡಿಸುವಾಗ ಉಳಿದವರು ಕೆಮ್ಮನ್ನೂ ತಡೆದುಕೊಂಡು ಕೂರುತ್ತಿದ್ದರು. ನಾನು ಸೊಸೆಯ ಜೊತೆ ಆಫೀಸಿಗೆ ಹೋಗಿ ನಿಂತಾಗ ಹಾಲಪ್ಪನವರ ಮುಖ ಹುಳ್ಳಗಾಯಿತು. ಒಳ್ಳೆಯ ಮನುಷ್ಯ, ಆದರೆ ಹೊಸದು ಏನೇ ಕಂಡರೂ ಮೊದಲು ಕನ್ನಡಕ ಒರೆಸಿಕೊಳ್ಳುವ ಜಾತಿ.

"ಚೆನ್ನಾಜಮ್ಮನೋರೆ, ಎಂಜಲು ಮಾಡೋದು ಅಂದ್ರೆ ಹೇಗೆ ಹೇಳಿ" ಎಂದರು.

"ಮಗೂಗೆ ಅನ್ನ ತಿನ್ನಿಸೋವಾಗ ಬಿಸಿ ಇದೆಯಾ ಅಂತ ಬಾಯಿಗಿಟ್ಟು ನೋಡ್ತೀವಲ್ಲ ಸ್ವಾಮಿ, ಅದೂ ಎಂಜಲೇ. ಹಂಗೆ ತಿಂದೇ ನೀವೂ ಇಷ್ಟೆತ್ತರ ಆಗಿರೋದು" ಎಂದೆ.

ಅವರು ಕನ್ನಡಕ ಒರೆಸಿಕೊಂಡರು. ಕೂಡದು ಎಂದು ಎಲ್ಲೂ ಬರೆದಿಲ್ಲ ಎಂದು ತಾವೇ ಹೇಳಿದರು. ಕಿರಿಯ ಇಂಜಿನಿಯರ್ ಉಮಾಪತಿಯೂ ಅಲ್ಲೇ ಕೂತಿದ್ದ. ನಳಿನಾಕ್ಷಿಗೆ ಆ ಕುರ್ಚಿ ತಪ್ಪಿದರೆ ಅದು ಸಿಗುವುದು ಅವನಿಗೇ. ಅವನೇನೂ ಅಡ್ಡ ಬರಲಿಲ್ಲ. ನನಗೊಂದು ಕುರ್ಚಿ ಎಳೆದು ಹಾಕಿದ.

ಮೊದಲ ದಿನ ನಾನು ರೇಷ್ಮೆ ಸೀರೆಯುಟ್ಟು ಹೋಗಿದ್ದೆ. ಕಂಪ್ಯೂಟರಿಗೆ ಕೈ ಮುಗಿದು, "ನಮಸ್ಕಾರ, ನಾನು ನಳಿನಾಕ್ಷಿಯವರ ಅತ್ತೆ, ತಾವು ಕ್ಷೇಮವೇ" ಎಂದೆಲ್ಲ ಶುರು ಮಾಡಿದೆ. ಅದು ಕಲ್ಲಿನ ಹಾಗೆ ಕೂತಿತ್ತು. ಹೀಗೆಯೇ ಕೆಲವು ದಿನ ಹೋಯಿತು. ಸೊಸೆ ಭಾರವಾದ ಹೊಟ್ಟೆ ಹೊತ್ತುಕೊಂಡು ಪಕ್ಕದಲ್ಲಿ ಕೂತು, "ಅತ್ತೆ, ಇಷ್ಟು ಮರ್ಯಾದೆ ಬೇಡ. ಮನೇಲಿ ಮಾತಾಡೋ ಹಂಗೆ ಮಾತಾಡಿ. ಸುಳ್ಳು ಒಂದು ಹೇಳ್ಬೇಡಿ, ಅದಕ್ಕೆ ಗೊತ್ತಾಗ್ಬಿಡತ್ತೆ" ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಆಫೀಸಿನ ಟೀ ಕುಡಿದು ನನ್ನ ನಾಲಿಗೆ ಕೆಟ್ಟುಹೋಯಿತು. "ಇದನ್ನ ಟೀ ಅಂತಾರಾ? ಪಾತ್ರೆ ತೊಳೆದ ನೀರು ಇದಕ್ಕಿಂತ ರುಚಿಯಾಗಿರತ್ತೆ. ಹಾಲಪ್ಪನೋರು ಇಷ್ಟು ವರ್ಷ ಇದನ್ನ ಹೆಂಗೆ ಕುಡಿದ್ರೋ" ಎಂದು ಬೈದುಕೊಂಡೆ. ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಬಂದು ನಿಂತಿತು. ನಳಿನಾಕ್ಷಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗಂಡು ಮಗುವಾಯಿತು. ಅಲ್ಲಿಂದ ನನ್ನ ದಿನಚರಿಯೇ ಬೇರೆಯಾಯಿತು. ಬೆಳಕು ಹರಿಯುವ ಮೊದಲೇ ಹಂಡೆಗೆ ಉರಿ ಹಾಕಿ, ಬಾಣಂತಿಗೆ ಎಣ್ಣೆ ನೀರು ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿ, ಮೆಣಸಿನ ಸಾರು ಅನ್ನ ಮಾಡಿಟ್ಟು, ಹಾಲಿನ ವ್ಯಾನು ಓಡಿಸುವ ಮಗ ಪರಮೇಶ ಮನೆಗೆ ಬಂದ ಮೇಲೆ ಅವನಿಗೆ ಒಪ್ಪಿಸಿ ನಾನು ಆಫೀಸಿಗೆ ಹೊರಡುತ್ತಿದ್ದೆ. ಸುಸ್ತಾಗುತ್ತಿತ್ತು, ನಿಜ. ಆದರೆ ಸುಳ್ಳೇಕೆ ಹೇಳಲಿ, ನನಗೆ ಬಹಳ ಹಿಡಿಸಿಬಿಟ್ಟಿತು. ಈ ವಯಸ್ಸಿನಲ್ಲಿ ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಕೇಳುವವರು ಬೇರೆ ಯಾರಿದ್ದರು? ಮಗ ಅರ್ಧಕ್ಕೇ ಎದ್ದು ಹೋಗುತ್ತಾನೆ. ಈ ಪ್ರೋಗ್ರಾಮು ಕದಲುತ್ತಿರಲಿಲ್ಲ. ಬೇಳೆ ಬೇಯದಿದ್ದುದನ್ನು, ಮೊಮ್ಮಗಳು ತಮ್ಮನ ತೊಟ್ಟಿಲಿಗೆ ಬೆಕ್ಕಿನ ಮರಿ ಮಲಗಿಸಿದ್ದನ್ನು, ಎಲ್ಲವನ್ನೂ ಅದರ ಮುಂದೆ ಹೇಳಿದೆ. ಒಂದು ಮಂಗಳವಾರ ಮಾತು ಓರಗಿತ್ತಿ ರುದ್ರಾಣಮ್ಮನ ಕಡೆಗೆ ತಿರುಗಿತು.

ರುದ್ರಾಣಮ್ಮ ನನ್ನ ಮೈದುನನ ಹೆಂಡತಿ. ಹೊಂಡದ ಬೀದಿಯಲ್ಲಿ ಮನೆ. ಅಣ್ಣ ತಮ್ಮ ಪಾಲಾದಾಗ ನಮ್ಮತ್ತೆಯ ಒರಳುಕಲ್ಲನ್ನು ಅವಳು ಹೊತ್ತುಕೊಂಡು ಹೋದಳು. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಈಗ ಇಬ್ಬರ ಮನೆಯಲ್ಲೂ ಮಿಕ್ಸಿ ಇದೆ, ಒರಳು ಅವಳ ಹಿತ್ತಿಲಲ್ಲಿ ಬಿದ್ದಿದೆ, ಅದರ ಗುಂಡಿಯಲ್ಲಿ ಕೋಳಿಗಳು ನೀರು ಕುಡಿಯುತ್ತವೆ. ಆದರೂ ಸಿಟ್ಟೆಂದರೆ ಸಿಟ್ಟು. ಆ ಮಂಗಳವಾರ ಮನಸ್ಸಿನಲ್ಲಿದ್ದುದನ್ನೆಲ್ಲ ಕಾರಿಕೊಂಡೆ. ಹಸಿರು ಚುಕ್ಕೆ ಫಳಫಳ ಹೊಳೆಯುತ್ತಿತ್ತು. ಎಂಥ ಬುದ್ಧಿವಂತ ಎಂದು ಮೆಚ್ಚಿಕೊಂಡೇ ಮನೆಗೆ ಬಂದೆ.

ಆ ವಾರ ಹೊಂಡದ ಬೀದಿಗೆ ನೀರು ಬರಲಿಲ್ಲ. ಮೊದಲು ಪೈಪು ಒಡೆದಿರಬೇಕೆಂದು ನೋಡಿದರು. ಪೈಪು ಚೆನ್ನಾಗಿತ್ತು. ಬೀದಿಯವರು ಖಾಲಿ ಕೊಡ ಹಿಡಿದುಕೊಂಡು ಆಫೀಸಿನ ಮೆಟ್ಟಿಲ ಮೇಲೆ ಕೂತರು. ಹಾಲಪ್ಪನವರು ನನ್ನನ್ನು ಒಳಗೆ ಕರೆದು, "ಶುಕ್ರವಾರದ ತನಕ ನೋಡ್ತೀನಿ ಚೆನ್ನಾಜಮ್ಮನೋರೆ. ಆಮೇಲೆ ಇದನ್ನ ನಿಲ್ಲಿಸಿ ಉಮಾಪತಿ ಬರೆದಿರೋ ಪ್ರೋಗ್ರಾಮು ಹಾಕ್ಬೇಕಾಗತ್ತೆ. ಜನಕ್ಕೆ ನೀರು ಬೇಕಲ್ಲ" ಎಂದರು. ತಪ್ಪು ಮಾತೇನಲ್ಲ. ಆದರೆ ಒಂದು ದಿನ ನಿಂತರೂ ವರ್ಷ ಮುರಿಯಿತು, ನನ್ನ ಸೊಸೆ ಮತ್ತೆ ಮೊದಲಿನಿಂದ ಬರೆಯಬೇಕು. ಉಮಾಪತಿ ನನ್ನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದ.

ಬಾಣಂತಿಗೆ ಗಾಬರಿ ಮಾಡಬಾರದೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಪರಮೇಶನ ಹೊಟ್ಟೆಯಲ್ಲಿ ಮಾತು ನಿಂತರೆ ತಾನೆ? ಊಟದ ಹೊತ್ತಿಗೆ ಎಲ್ಲ ಹೇಳಿಬಿಟ್ಟಿದ್ದ. ನಳಿನಾಕ್ಷಿ ಅಳುತ್ತಾಳೆಂದುಕೊಂಡೆ. ಅವಳು ಮಗುವನ್ನು ಪಕ್ಕಕ್ಕೆ ಮಲಗಿಸಿ ಗೋಡೆಗೆ ಒರಗಿ ಕೂತು, ಪೊಲೀಸಿನವರ ಹಾಗೆ ಒಂದೊಂದಾಗಿ ಕೇಳತೊಡಗಿದಳು.

"ಹೊಂಡದ ಬೀದಿ ಒಂದೇನಾ? ಪಕ್ಕದ ಬೀದಿಗೆ ಬರ್ತಿದೆಯಾ?"

"ಬರ್ತಿದೆ."

"ಯಾವತ್ತಿಂದ ಇಲ್ಲ?"

"ಹೋದ ಬುಧವಾರದಿಂದ."

"ಅದರ ಹಿಂದಿನ ದಿನ, ಮಂಗಳವಾರ, ನೀವು ಅದರ ಹತ್ರ ಏನು ಮಾತಾಡಿದ್ರಿ ಅತ್ತೆ?"

ನಾನು ತಲೆ ಕೆರೆದುಕೊಂಡೆ. ಬೇಳೆ, ಬೆಕ್ಕಿನ ಮರಿ ಎಂದೆ. ಅವಳು ಬಿಡಲಿಲ್ಲ. ಕೊನೆಗೆ ಒರಳುಕಲ್ಲಿನ ವಿಷಯ ಬಾಯಿಬಿಟ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಲಿಗೆ ಎಳೆಯುತ್ತಿದೆ, ನಗಿಸಬೇಡಿ ಎನ್ನುತ್ತಲೇ ಮತ್ತೆ ನಕ್ಕಳು. ಎಲ್ಲಿ ಕೆಟ್ಟಿದೆ ಎಂಬುದನ್ನು ಹಾಸಿಗೆಯಿಂದ ಏಳದೆ ಹಿಡಿದುಬಿಟ್ಟಿದ್ದಳು.

"ನಿಮ್ಮ ಕಡೆ ವಹಿಸ್ಕೊಂಡ್ಬಿಟ್ಟಿದೆ ಅತ್ತೆ ಅದು. ನಾಳೆ ಹೋಗಿ ಚಿಕ್ಕತ್ತೆ ಮೇಲೆ ಸಿಟ್ಟಿಲ್ಲ ಅಂತ ಹೇಳಿ."

"ಸಿಟ್ಟಿದೆಯಲ್ಲೇ! ಸುಳ್ಳು ಹೇಳಿದ್ರೆ ಗೊತ್ತಾಗತ್ತೆ ಅಂದೋಳು ನೀನೇ."

"ಹಂಗಾದ್ರೆ ನಿಜ ಮಾಡ್ಕೊಂಡು ಹೋಗಿ" ಎಂದಳು. ಆಮೇಲೆ ನಗು ನಿಲ್ಲಿಸಿ, "ಅತ್ತೆ, ಇನ್ನೊಂದ್ಸಲ ಮೊದಲಿಂದ ಶುರು ಮಾಡೋಕೆ ನಂಗಾಗಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ಹೊಂಡದ ಬೀದಿಗೆ ಹೋದೆ. ಕಾಲು ಮುಂದಕ್ಕೆ ಹೋಗಲೊಲ್ಲದು. ಬಾಗಿಲಲ್ಲಿ ನಿಂತಾಗ ರುದ್ರಾಣಮ್ಮ ಎಲ್ಲಿಂದಲೋ ನೀರು ಹೊತ್ತು ತಂದು ಸೊಂಟದ ಕೊಡ ಇಳಿಸುತ್ತಿದ್ದಳು. ಮಂಡಿನೋವಿನವಳು, ಮುಖವೆಲ್ಲ ಬೆವರು. ನನ್ನನ್ನು ಕಂಡವಳೇ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಂಕು ಮಾತು ಬರುತ್ತದೆಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಯಾರಾದೆ.

"ಅಕ್ಕ, ಬಾಣಂತಿ ಮನೇಲಿ ನೀರಿಗೇನೂ ತೊಂದ್ರೆ ಇಲ್ಲ ತಾನೆ?" ಎಂದಳು. "ನಮ್ಗಂತೂ ವಾರದಿಂದ ಇಲ್ಲ. ನಿಮ್ಮ ಕಡೇನೂ ಇಲ್ಲವೇನೋ, ಎಳೇ ಕೂಸಿನ ಮನೆ, ಏನು ಮಾಡ್ತೀಯೋ ಅಂತ ನೆನ್ನೆಯಿಂದ ಅಂದ್ಕೋತಿದ್ದೆ."

ನನಗೆ ತಲೆಯೆತ್ತಲು ಆಗಲಿಲ್ಲ. ಅವಳ ನೀರು ನಿಂತದ್ದು ನನ್ನ ನಾಲಿಗೆಯಿಂದ, ಅವಳು ಕೇಳುತ್ತಿರುವುದು ನನ್ನ ಮನೆಯ ನೀರನ್ನು. ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ನನ್ನ ಬೈಯೋಕೆ ಬೆಳಬೆಳಿಗ್ಗೆ ಆಫೀಸಿಗೆ ಹೋಗ್ತಿದ್ಯಾ? ಮನೆಗೆ ಬಂದು ಬೈದಿದ್ರೆ ಒಂದ್ಲೋಟ ಕಾಫಿನಾದ್ರೂ ಸಿಗ್ತಿತ್ತಲ್ಲ! ನಡಿ, ನಾನೂ ಬರ್ತೀನಿ. ಅದು ನಂದೂ ಒಂದಷ್ಟು ಕೇಳ್ಲಿ."

ಇಬ್ಬರೂ ಆಫೀಸಿಗೆ ಹೋದೆವು. ದಾರಿಯುದ್ದಕ್ಕೂ ಜಗಳವಾಡಿದೆವು. ಕಂಪ್ಯೂಟರಿನ ಮುಂದೆ ಕೂತ ಮೇಲೂ ನಿಲ್ಲಿಸಲಿಲ್ಲ. ಒರಳನ್ನು ಕೊಂಡೊಯ್ದದ್ದು ಅತ್ತೆಯ ನೆನಪಿಗೆಂದು ಅವಳು ಹೇಳಿದಳು, ಅತ್ತೆಗೆ ಕೊನೆಗಾಲದಲ್ಲಿ ಗಂಜಿ ಕುಡಿಸಿದ್ದು ನಾನೆಂದು ನಾನು ಹೇಳಿದೆ, ನನ್ನ ಗಂಡ ತೀರಿಹೋದಾಗ ನಮ್ಮನೆಗೆ ದಿನಾ ಅನ್ನ ಹೊತ್ತು ತಂದದ್ದು ಯಾರೆಂದು ಅವಳು ಕೇಳಿದಳು. ತಂದವಳು ಅವಳೇ. ಮಾತಿಲ್ಲದಿದ್ದರೂ ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ನನಗೆ ಅಳು ಬಂತು. ಮೂಗೊರೆಸಿಕೊಂಡು ಪರದೆಯ ಕಡೆ ತಿರುಗಿದೆ.

"ನೋಡಪ್ಪಾ, ಇವಳು ಸಾಧು ಅಂತ ನಾನು ಹೇಳಲ್ಲ. ಜಗಳಗಂಟಿ. ಒರಳೂ ಕೊಡಲ್ಲ. ಆದ್ರೆ ನನ್ನೋಳು. ಅವಳ ಬೀದಿಗೆ ನೀರು ಬಿಡು" ಎಂದೆ.

ಚುಕ್ಕೆ ಒಂದು ಸಲ ಆರಿ ಮತ್ತೆ ಬಂದಿತು. ಸ್ವಲ್ಪ ಹೊತ್ತಿಗೆಲ್ಲ ಮೆಟ್ಟಿಲ ಮೇಲಿದ್ದವರು ಕೊಡ ಎತ್ತಿಕೊಂಡು ಮನೆಯ ಕಡೆ ಓಡಿದ ಸದ್ದು ಕೇಳಿಸಿತು. ಹಾಲಪ್ಪನವರು ಕನ್ನಡಕ ತೆಗೆದವರು ಒರೆಸುವುದನ್ನೇ ಮರೆತು ನಿಂತಿದ್ದರು.

ಅವತ್ತಿನಿಂದ ಒಂದು ದಿನ ನಾನು, ಒಂದು ದಿನ ರುದ್ರಾಣಮ್ಮ. ಎರಡು ದನಿ ಕೇಳಿದರೆ ಒಬ್ಬರ ಕಡೆಗೇ ವಾಲುವುದಿಲ್ಲ ಎಂದು ನಳಿನಾಕ್ಷಿಯೇ ಹೇಳಿದಳು. ಎಂಜಲೆಂಬ ಮಾತು ಮೆಲ್ಲಗೆ ಹಿಂದೆ ಬಿತ್ತು. ಉಮಾಪತಿಯ ಹೆಂಡತಿ ದೀಪದ ಆಫೀಸಿನಲ್ಲಿ ಪ್ರೋಗ್ರಾಮು ಬರೆಯುವವಳು, ಆಗ ಐದು ತಿಂಗಳ ಬಸುರಿ. ಒಂದು ದಿನ ನೋಡಿದರೆ ಉಮಾಪತಿ ತನ್ನ ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ದೀಪದ ಆಫೀಸಿಗೆ ಹೋಗುತ್ತಿದ್ದ. ನನ್ನನ್ನು ಕಂಡು ನಾಚಿಕೊಂಡ. ನಾನು ಕೂಗಿ ಹೇಳಿದೆ, "ರೇಷ್ಮೆ ಸೀರೆ ಬೇಡ ಅಂತ ಹೇಳಪ್ಪ ಅವ್ರಿಗೆ!"

ವರ್ಷ ತುಂಬುವ ದಿನ ಬಂತು. ನಳಿನಾಕ್ಷಿಯ ಬಾಣಂತನಕ್ಕೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಶಾಸ್ತ್ರ ಪಕ್ಕಕ್ಕಿಟ್ಟು, ತಲೆಗೆ ಸ್ಕಾರ್ಫು ಕಟ್ಟಿ, ಕಾಲಿಗೆ ಸಾಕ್ಸು ಹಾಕಿ, ಮಗುವನ್ನು ನಾನೆತ್ತಿಕೊಂಡು ಆಟೋದಲ್ಲಿ ಕರೆದೊಯ್ದೆ. ಆಫೀಸಿನ ತುಂಬಾ ಜನ. ಅವಳು ಕುರ್ಚಿಯಲ್ಲಿ ಕೂತು, "ನಾನು ನಳಿನಾಕ್ಷಿ. ಬಂದಿದೀನಿ" ಎಂದಳು.

ಚುಕ್ಕೆ ಬರಲಿಲ್ಲ.

ಇನ್ನೊಮ್ಮೆ ಹೇಳಿದಳು. ಬರಲಿಲ್ಲ. ಹಾಲಪ್ಪನವರು ಗಡಿಯಾರ ನೋಡಿದರು. ಉಮಾಪತಿ ನೆಲ ನೋಡಿದ. ನಾನು ಒಂದು ಮಾತಾಡಿದರೆ ಸಾಕು, ಚುಕ್ಕೆ ಬಂದೇ ಬರುತ್ತಿತ್ತು. ಆದರೆ ಇವತ್ತು ಬರೆದವಳ ದನಿಗೇ ಬರಬೇಕು. ಬಾಯಿಗೆ ಸೆರಗು ತುರುಕಿಕೊಂಡೆ. ರುದ್ರಾಣಮ್ಮ ನನ್ನ ತೋಳು ಚಿವುಟಿ ಹಿಡಿದಿದ್ದಳು. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಬಂದಿದ್ದ ಆ ಹಳೆಯ ಮುಖವನ್ನು ಮತ್ತೆ ನೋಡುವ ಶಕ್ತಿ ನನಗಿರಲಿಲ್ಲ.

ನಳಿನಾಕ್ಷಿ ಬೇಡಿಕೊಳ್ಳಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು, ಕಿವಿಯ ಹತ್ತಿ ತೆಗೆದು ಮೇಜಿನ ಮೇಲಿಟ್ಟಳು. "ಕೋಟೆ ಬೀದಿ ಎತ್ತರದಲ್ಲಿದೆ, ಹೊಂಡದ ಬೀದಿ ತಗ್ಗಲ್ಲಿದೆ" ಎಂದು ಶುರು ಮಾಡಿದಳು. "ಎರಡಕ್ಕೂ ಒಟ್ಟಿಗೆ ಬಿಡು ಅಂತ ನಿಂಗೆ ಹೇಳ್ಕೊಟ್ಟಿದ್ದೆ, ಅದು ತಪ್ಪು. ತಗ್ಗಿನೋರ ಕೊಡ ತುಂಬೋವರೆಗೂ ಎತ್ತರದೋರು ಕಾಯ್ತಾರೆ. ಅತ್ತೆ ನಂಗೆ ನೀರು ಎರೀತಿದ್ದಾಗ ದಿನಾ ಇದನ್ನೇ ಯೋಚ್ನೆ ಮಾಡ್ತಿದ್ದೆ. ಮೊದ್ಲು ಕೋಟೆ ಬೀದಿಗೆ ಪೂರ್ತಿ ಬಿಡು. ಅಲ್ಲಿ ಅರ್ಧ ಆದ್ಮೇಲೆ ಕೆಳಗಿಂದು ಸ್ವಲ್ಪ ಸ್ವಲ್ಪ ತೆಗಿ. ಎಷ್ಟು ತೆಗೀಬೇಕು ಅಂತಾನೂ ಲೆಕ್ಕ ಹಾಕಿದೀನಿ, ಕೇಳು."

ಹೇಳುತ್ತಾ ಹೋದಳು. ನನಗೆ ಅರ್ಧವೂ ತಿಳಿಯಲಿಲ್ಲ. ಆ ಬೆಚ್ಚಗಿನ ನೀರಿಗೆ ಕಣ್ಣು ಮುಚ್ಚಿ ಕೂತಿರುತ್ತಿದ್ದವಳು ಸುಖಕ್ಕೆ ಹಾಗೆ ಕೂತಿದ್ದಾಳೆ ಎಂದು ನಾನು ಭಾವಿಸಿದ್ದೆ. ಅವಳು ಇಡೀ ಊರಿಗೆ ನೀರು ಹಂಚುತ್ತಿದ್ದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ತೋಳಿನಲ್ಲಿದ್ದ ಮಗು ಕೂಡ ಒಂದು ಗಳಿಗೆ ಮರೆತುಹೋಯಿತು. ಎಲ್ಲೋ ಲೆಕ್ಕದ ನಡುವೆ ಹಸಿರು ಚುಕ್ಕೆ ಬಂದಿತ್ತು. ಅವಳು ಅದನ್ನು ಗಮನಿಸಲೂ ಇಲ್ಲ, ಮುಂದಿನ ಲೆಕ್ಕಕ್ಕೆ ಹೋಗಿದ್ದಳು.

ಹಾಲಪ್ಪನವರು ತಮ್ಮ ಕುರ್ಚಿಯಿಂದ ಎದ್ದು ಬಂದು, "ಬಾಮ್ಮ, ಇನ್ನು ಅದು ನಿಂದು. ಬಂದು ಕೂತ್ಕೋ" ಎಂದರು.

"ಒಂದ್ನಿಮಿಷ ಸರ್, ಇದೊಂದು ಮುಗೀಲಿ" ಎಂದಳು ನನ್ನ ಸೊಸೆ.

ಜನ ನಕ್ಕರು, ಚಪ್ಪಾಳೆ ತಟ್ಟಿದರು, ಆಮೇಲೆ ಒಬ್ಬೊಬ್ಬರಾಗಿ ಹೊರಗೆ ಹೋದರು. ರುದ್ರಾಣಮ್ಮ ಟೀ ಕುಡಿದು ಮುಖ ಕಿವುಚಿದಳು. ಮಗು ಅತ್ತಿತು. ನಳಿನಾಕ್ಷಿ ಅದಕ್ಕೆ ಹಾಲು ಕುಡಿಸಿ, ತೇಗಿಸಿ, ನನ್ನ ಕೈಗೆ ಕೊಟ್ಟು, "ಅತ್ತೆ, ನೀವಿಬ್ರೂ ಮನೆಗೆ ಹೋಗಿರಿ. ನಂಗೆ ಇನ್ನೂ ಸ್ವಲ್ಪ ಕೆಲಸ ಇದೆ" ಎಂದಳು. ಬಾಣಂತಿ ಹೀಗೆ ಕೂತುಕೊಂಡು ಕೆಲಸ ಮಾಡಬಾರದೆಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅವಳು ಪರದೆಯ ಕಡೆ ತಿರುಗಿಯಾಗಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಅವಳಿಗೆ ಗಾಳಿ ಹೊಡೆಯದಿರಲೆಂದು ಹಿಂದಿನಿಂದ ಬಾಗಿಲು ಎಳೆದುಕೊಂಡೆ.